ಗೇಟಿಗೆ ಹೊರಟ ಕೌದಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಮಿನೆಸೋಟದ ವಿನ್ಸ್‌ಡೇಲ್ ಊರಿನ ಕಾರ್ಮಿಕ ಸಂಘದ ಸಭಾಂಗಣದಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಉದ್ದನೆಯ ಊಟದ ಮೇಜು, ಮೇಜಿನ ತುಂಬ ಹರಡಿಕೊಂಡ ಕೌದಿ, ಕೌದಿಯ ಮೇಲೆ ಬಾಗಿದ ಎಪ್ಪತ್ತನಾಲ್ಕರ ಆರ್ಲಿಸ್ ಟ್ವೇಟ್. ಸೂಜಿ ಅವರ ಎಡಗೈಯಲ್ಲಿದೆ. ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶವಿಲ್ಲ; ಮಾಂಸದ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಹಂದಿಯ ತೊಡೆಯಿಂದ ಮೂಳೆ ಬಿಡಿಸಿದ್ದರ ಫಲ ಅದು. ಸೂಜಿ ಚುಚ್ಚಿದರೂ ಗೊತ್ತಾಗದು. ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಾಗಲೇ ತಿಳಿಯುವುದು.

ಬಾಗಿಲು ತಳ್ಳಿಕೊಂಡು ನಾ ಮೂಪಾ ಎಂಬ ಹುಡುಗಿ ಬರುತ್ತಾಳೆ. ಬರ್ಮಾದ ಬೆಟ್ಟಗಳಿಂದ ಬಂದವಳು, ಈಗ ಅದೇ ಕಾರ್ಖಾನೆಯಲ್ಲಿ ಅದೇ ಮೂಳೆ ಬಿಡಿಸುವ ಕೆಲಸ. ಪಾಳಿಗೆ ಹೋಗುವ ಮುನ್ನ ದಿನವೂ ಇಲ್ಲಿ ಐದು ನಿಮಿಷ ನಿಲ್ಲುತ್ತಾಳೆ. ಹತ್ತು ಸೂಜಿಗಳಿಗೆ ದಾರ ಪೋಣಿಸಿ, ಸೂಜಿದಿಂಬಿಗೆ ಸಾಲಾಗಿ ಚುಚ್ಚಿಡುತ್ತಾಳೆ. ಮಾಡು ಎಂದು ಅವಳಿಗೆ ಯಾರೂ ಹೇಳಿಲ್ಲ.

"ನಿನ್ನೆ ಹತ್ತೂ ಖಾಲಿ ಮಾಡಿದ್ದೀರಲ್ಲ ಅಜ್ಜಿ. ಮಲಗಿದ್ರೋ ಇಲ್ವೋ?"

"ಮಲಗೋಕೆ ಆಮೇಲೆ ಬೇಕಾದಷ್ಟು ಟೈಮಿದೆ. ನಿನ್ನ ಹೆಸರಿನ ಕೊನೇ ಅಕ್ಷರ ಸೊಟ್ಟ ಬಂದಿದೆ, ನೋಡು. ಬಿಚ್ಚಲ್ಲ, ಹಂಗೇ ಇರ್ಲಿ."

ಈ ಕೌದಿ ಹುಟ್ಟಿದ್ದು ಇದೇ ಸಭಾಂಗಣದ ಅಡುಗೆಮನೆಯಲ್ಲಿ, ೧೯೮೫ರ ಚಳಿಗಾಲದಲ್ಲಿ. ಊರಿನ ಸಾವಿರದ ನಾನೂರು ಜನ ಕೆಲಸ ನಿಲ್ಲಿಸಿ ಹಿಮದಲ್ಲಿ ನಿಂತಿದ್ದರು. ಒಲೆಯ ಮೇಲೆ ಅವರಿಗಾಗಿ ಸೂಪು ಕುದಿಯುತ್ತಿದ್ದರೆ, ಸುತ್ತ ಕೂತ ಹೆಂಗಸರು ಹಳೆಯ ಬಿಳಿ ಕೆಲಸದ ಕೋಟುಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದರ ಮೇಲೂ ಮುಷ್ಕರಕ್ಕಿಳಿದವರ ಹೆಸರು ಕಸೂತಿ ಹಾಕಿದರು. ಎಷ್ಟು ಒಗೆದರೂ ಹೋಗದ ರಕ್ತದ ಕಲೆಗಳು ಈಗಲೂ ಹೆಸರುಗಳ ಹಿಂದೆ ಮಸುಕಾಗಿ ಕಾಣುತ್ತವೆ. ಹನ್ನೊಂದು ತಿಂಗಳು ಆ ಕೌದಿ ಕಾರ್ಖಾನೆಯ ಗೇಟಿನಲ್ಲಿ ತೂಗಿತು. ಕಾರ್ಖಾನೆಯವರು ಒಳಗೆ ಹೊಸಬರನ್ನು ಸೇರಿಸಿಕೊಂಡರು. ಮುಷ್ಕರ ಸೋತಿತು. ಕೌದಿಯನ್ನು ಇಳಿಸಿ ಮಡಿಸಿ ಮನೆಗೆ ಒಯ್ದವರು ಆರ್ಲಿಸ್. ಅವರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದರು.

ಆದರೆ ಊರು ಮರೆಯಲಿಲ್ಲ. ಮುಷ್ಕರದಲ್ಲಿದ್ದವರು ತೀರಿಕೊಂಡರೆ ಶವಪೆಟ್ಟಿಗೆಯ ಮೇಲೆ ಈ ಕೌದಿಯನ್ನೇ ಹೊದಿಸುವುದು ವಾಡಿಕೆಯಾಯಿತು. ಈವರೆಗೆ ಇನ್ನೂರ ಹದಿನೇಳು ಸಲ. ಪ್ರತಿ ಸಲವೂ ಆರ್ಲಿಸ್ ಅದನ್ನು ಹಿಂದಿನ ದಿನವೇ ಬಿಸಿಲಿಗೆ ಹಾಕಿ, ಬಿಟ್ಟ ಹೊಲಿಗೆ ಹಾಕಿ, ಸ್ವತಃ ಹೊತ್ತು ತರುತ್ತಾರೆ. ಹೊಲಿಯುತ್ತ ಹೆಂಗಸರು ಕಟ್ಟಿದ ಹಾಡು ಈಗ ಮದುವೆಗಳಲ್ಲೂ ಕೇಳಿಬರುತ್ತದೆ. ಅಂದು ಮುಷ್ಕರ ಮುರಿದು ಒಳಗೆ ಹೋದವರ ಮೊಮ್ಮಕ್ಕಳಿಗೂ ಅದು ಬಾಯಿಪಾಠ.

ಈ ವಸಂತದಲ್ಲಿ ಎರಡು ಕರೆಗಳು ಒಟ್ಟಿಗೆ ಬಂದವು. ಒಂದು ರಾಜಧಾನಿಯ ವಸ್ತುಸಂಗ್ರಹಾಲಯದ್ದು: ಕೌದಿಯನ್ನು ಕೊಟ್ಟರೆ ಗಾಜಿನೊಳಗೆ ನೂರು ವರ್ಷ ಕಾಪಾಡುತ್ತೇವೆ, ಗುರುವಾರ ವ್ಯಾನು ಬರುತ್ತದೆ. ಇನ್ನೊಂದು ನಾ ಮೂಪಾಳದು. ಕಾರ್ಖಾನೆಯಲ್ಲಿ ಗಂಟೆಗೆ ಸಾವಿರ ಹಂದಿ ಸಾಗುತ್ತಿದ್ದ ಸಾಲಿನ ವೇಗವನ್ನು ಸಾವಿರದ ಇನ್ನೂರಕ್ಕೆ ಏರಿಸಿದ್ದರು. ಹುಡುಗಿಯರ ಬೆರಳುಗಳು ಆಗಲೇ ಮರಗಟ್ಟತೊಡಗಿದ್ದವು. ಮಂಗಳವಾರ ಆರುನೂರು ಜನ ಹೊರಗೆ ಬಂದರು. ಗೇಟಿಗೆ ಕೌದಿ ಬೇಕು ಎಂದರು.

ಸಂಘದ ಹಿರಿಯರು ಒಪ್ಪಲಿಲ್ಲ. ಆರ್ಲಿಸ್ ಜೊತೆ ಹಿಮದಲ್ಲಿ ನಿಂತಿದ್ದ ಡೆಲ್ಮರ್ ಹೌಗನ್ ಅವರ ಮಾತು ಖಾರವಾಗಿಯೇ ಇತ್ತು.

"ಒಂದ್ಸಲ ಗೇಟಿಗೆ ಹೋಗಿ ಸೋತು ಬಂದಿದೆ, ಆರ್ಲಿಸ್. ಸತ್ತೋರ ಮೇಲೆ ಹೊದಿಸೋ ಬಟ್ಟೆನ ಮಳೇಲಿ ನೇತಾಕ್ತೀಯಾ?"

ಆರ್ಲಿಸ್ ಅವರಿಗೂ ಇದ್ದದ್ದು ಅದೇ ಭಯ. "ಇನ್ನೊಂದ್ಸಲ ಸೋತಿದ್ರೆ ಅದನ್ನ ಮಡಿಸೋ ಶಕ್ತಿ ನನಗಿರ್ತಿರ್ಲಿಲ್ಲ" ಎನ್ನುತ್ತಾರೆ. ಮೂವತ್ತೆಂಟು ವರ್ಷ ಜೋಪಾನ ಮಾಡಿದವರು ನೀವೇ, ತೀರ್ಮಾನವೂ ನಿಮ್ಮದೇ ಎಂದು ಸಂಘ ಕೈತೊಳೆದುಕೊಂಡಿತು. ಅಂದು ಮಧ್ಯಾಹ್ನ ಆರ್ಲಿಸ್ ಅವರ ಅಡುಗೆಮನೆಯಲ್ಲಿ ನಾ ಮೂಪಾ ಕಾಫಿ ಲೋಟ ಹಿಡಿಯಲು ಹೋಗಿ ಕೈಬಿಟ್ಟಳು. ಲೋಟ ಒಡೆಯಿತು. ಅವಳು ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು. ಆರ್ಲಿಸ್ ಚೂರುಗಳನ್ನು ಗುಡಿಸಿ, ವಸ್ತುಸಂಗ್ರಹಾಲಯಕ್ಕೆ ಫೋನು ಮಾಡಿ ವ್ಯಾನು ಬೇಡವೆಂದರು.

ಒಂಬತ್ತು ದಿನ ಕೌದಿ ಗೇಟಿನಲ್ಲಿತ್ತು. ಮೂರನೆಯ ದಿನ ಜೋರು ಮಳೆ. ಕೋಪ ಮಾಡಿಕೊಂಡು ಹೋಗಿದ್ದ ಡೆಲ್ಮರ್ ತಮ್ಮ ಪಿಕಪ್ಪಿನ ಟಾರ್ಪಾಲು ಬಿಚ್ಚಿ ತಂದು, ಯಾರ ಮುಖವನ್ನೂ ನೋಡದೆ ಅದರ ಮೇಲೆ ಕಟ್ಟಿದರು. ಮರುದಿನದಿಂದ ತಾವೂ ಮಡಚುಕುರ್ಚಿ ಹಾಕಿಕೊಂಡು ಕೂತರು. ಹಳೆಯ ಹಾಡನ್ನು ಅವರು ಇಂಗ್ಲಿಷಿನಲ್ಲಿ ಶುರುಮಾಡಿದರೆ ಹುಡುಗಿಯರು ತಮ್ಮ ತಮ್ಮ ಭಾಷೆಯಲ್ಲಿ ಮುಗಿಸುತ್ತಿದ್ದರು. ಬೆಟ್ಟದ ಅಕ್ಕಿಯ ಅನ್ನವೂ ಊರಿನವರು ಓವನ್ನಿನಲ್ಲಿ ಬೇಯಿಸಿ ತಂದ ಆಲೂಗೆಡ್ಡೆ ಹಾಟ್‌ಡಿಶ್ಶೂ ಒಂದೇ ತಟ್ಟೆಗೆ ಬಿದ್ದವು. ಹತ್ತನೆಯ ಬೆಳಿಗ್ಗೆ ಕಾರ್ಖಾನೆ ಮಣಿಯಿತು. ಸಾಲು ಮತ್ತೆ ಸಾವಿರಕ್ಕಿಳಿಯಿತು. ಎರಡು ಗಂಟೆಗೊಮ್ಮೆ ಕೈಗೆ ವಿರಾಮವೂ ಸಿಕ್ಕಿತು.

ಕೌದಿಯನ್ನು ಇಳಿಸುವಾಗ ಆರ್ಲಿಸ್ ಅಳಲಿಲ್ಲ, ನಕ್ಕರಂತೆ. ಅದನ್ನು ಮಡಿಸಲು ಬಿಡದೆ, ಆರುನೂರು ಜನ ಹರಡಿಕೊಂಡೇ ತಲೆಯ ಮೇಲೆ ಹೊತ್ತು ಪೇಟೆಯ ನಡುವೆ ಈ ಸಭಾಂಗಣದವರೆಗೆ ನಡೆದರು. ಅಂಗಡಿಯವರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು.

ಈಗ ನಡೆಯುತ್ತಿರುವುದು ಅಂಚಿನ ಕೆಲಸ. ಹೊಸಬರ ಕೋಟುಗಳಿಂದ ಕತ್ತರಿಸಿದ ಚೌಕಗಳನ್ನು ದಿನಕ್ಕೆ ನಾಲ್ಕರಂತೆ ಜೋಡಿಸುತ್ತಿದ್ದಾರೆ. ಬರ್ಮಾ, ಗ್ವಾಟೆಮಾಲ, ಸುಡಾನಿನ ಹೆಸರುಗಳು ಊರಿನ ಹಳಬರ ನಾರ್ವೆ ಮೂಲದ ಹೆಸರುಗಳ ಮಗ್ಗುಲಿಗೆ ಬಂದು ಕೂರುತ್ತಿವೆ. ಕೆಳಮೂಲೆಯಲ್ಲಿ ಗೇಟಿನ ಕೆಸರಿನ ಕಲೆಯಿದೆ. ವಸ್ತುಸಂಗ್ರಹಾಲಯದವರು ಮತ್ತೆ ಕೇಳಿದ್ದಾರೆ, ಕಲೆ ತೆಗೆಯುವ ರಾಸಾಯನಿಕ ತಮ್ಮಲ್ಲಿದೆ ಎಂದಿದ್ದಾರೆ. ಆ ಕೆಸರಿಗೆ ಮೂವತ್ತೆಂಟು ವರ್ಷ ಕಾದಿದ್ದೇನೆ, ತೊಳೆಯುವುದಿಲ್ಲ ಎಂದು ಆರ್ಲಿಸ್ ಉತ್ತರ ಬರೆದಿದ್ದಾರೆ.

ಹೊರಗೆ ಬೆಳಕು ಹರಿಯುತ್ತಿದೆ. ನಾ ಮೂಪಾ ಹತ್ತನೆಯ ಸೂಜಿ ಚುಚ್ಚಿಟ್ಟು ಹೊರಡುತ್ತಾಳೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಆರ್ಲಿಸ್ ಹಲ್ಲಿನಿಂದ ದಾರ ಕಡಿಯುತ್ತಾರೆ.

"ನನ್ನ ಪೆಟ್ಟಿಗೆ ಮೇಲೂ ಒಂದಿನ ಇದನ್ನ ಹೊದಿಸ್ತಾರೆ. ಆದ್ರೆ ಅವತ್ತು ಗೇಟಿನ ಹತ್ರ ಬೇಕಾಗಿದ್ರೆ, ಗೇಟಿಗೇ ಹೋಗ್ಲಿ. ನನಗೆ ಒಂದು ಬೆಡ್‌ಶೀಟ್ ಸಾಕು. ಆಸ್ಪತ್ರೇಲಿ ಎಷ್ಟೊಂದು ಒಗೆದಿದ್ದೀನಿ, ಒಂದು ಕೊಡ್ತಾರೆ."