ಉಪ್ಪು ಬಿಟ್ಟ ಹನ್ನೆರಡು ದಿನ

ಮೂರು ದಿನ ನಿದ್ದೆ ಬರಲಿಲ್ಲ. ಬೇಕು ಅಂತಲೂ ಅನಿಸಲಿಲ್ಲ.

ತೆರಕಣಾಂಬಿಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ. ಗಿರಾಕಿಗಳ ಬ್ಲೌಸುಗಳನ್ನೆಲ್ಲ ಮುಗಿಸಿ, ಯಾರೂ ಕೇಳದಿದ್ದರೂ ನಮ್ಮ ಬೀದಿಯ ಮನೆಮನೆಗೂ ಕಿಟಕಿ ಪರದೆ ಹೊಲಿಯಲು ಕೂತೆ. ಬಟ್ಟೆ ಸಾಲದಾದಾಗ ನನ್ನ ಮದುವೆ ಸೀರೆಯನ್ನೇ ಕತ್ತರಿಸಿದೆ. ಮೈಯಲ್ಲಿ ಹತ್ತಾಳಿನ ಬಲ. ಕಾಯಿಲೆ ಅಂತ ಯಾರಾದರೂ ಅಂದಿದ್ದರೆ ನಕ್ಕುಬಿಡುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಟಿ.ವಿ.ಯಲ್ಲಿ ವಾರ್ತೆ ಓದುವವಳು ನನ್ನ ಹೆಸರು ಹಿಡಿದು ಕರೆದಳು.

ನಾನು ಓಗೊಟ್ಟೆ.

ನನ್ನ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಅವರೂ ಅತ್ತೆಯೂ ಸೇರಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ ಚಾಮರಾಜನಗರಕ್ಕೆ ಬರೆದುಕೊಟ್ಟರು. ಬೈಪೋಲಾರ್ ಡಿಸಾರ್ಡರ್ ಅಂದರು ಡಾಕ್ಟರು. ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ಪಾತಾಳಕ್ಕಿಳಿಯುತ್ತದೆ. ಏರಿದಾಗ ಇಲ್ಲದ ದನಿ ಕೇಳುವುದೂ ಉಂಟು. ಏರಿಳಿತ ಹಿಡಿದಿಡಲು ಲಿಥಿಯಂ, ದನಿ ನಿಲ್ಲಿಸಲು ಇನ್ನೊಂದು ಮಾತ್ರೆ, ಆಗಾಗ ಬ್ಲಡ್ ಟೆಸ್ಟ್. ಆ ಇನ್ನೊಂದು ಮಾತ್ರೆಯ ದೆಸೆಯಿಂದ ದಪ್ಪಗಾಗಿ, ನಾನೇ ಹೊಲಿದ ಬ್ಲೌಸುಗಳು ನನಗೇ ಬಿಗಿಯಾದವು. ಆದರೆ ವಾರ್ತೆಯವಳು ಮತ್ತೆ ನನ್ನ ತಂಟೆಗೆ ಬರಲಿಲ್ಲ. ಎರಡು ತಿಂಗಳಿಗೆ ಅಂಗಡಿ ಬಾಗಿಲು ತೆಗೆದೆ.

ನನಗೆ ಅಷ್ಟು ಸಾಕಿತ್ತು, ಅತ್ತೆಗೆ ಸಾಲಲಿಲ್ಲ. ಪೂರ್ತಿ ವಾಸಿಯಾಗಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತರು: ಒಂದು ತಿಂಗಳು ಅತ್ತೆ ಸೊಸೆ ಇಬ್ಬರೂ ಉಪ್ಪು ಮುಟ್ಟುವುದಿಲ್ಲ. ದೇವರಿಗಾಗಿ ನಾಲಿಗೆಗೆ ಬೇಕಾದುದನ್ನು ಬಿಡುವುದು ನಮ್ಮ ಕಡೆ ಹೊಸದೇನಲ್ಲ. ನನಗೂ ಭಕ್ತಿ. ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿದೆ, ತಪ್ಪದೆ ಲಿಥಿಯಂ ಕೂಡ.

ಒಂದು ವಾರಕ್ಕೆ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಆಮೇಲೆ ವಾಂತಿ, ಭೇದಿ. ಹನ್ನೆರಡನೆಯ ದಿನ ಮಾತು ತೊದಲಿತು, ಹಿತ್ತಿಲಿಗೆ ಹೋಗುವಾಗ ಕುಡಿದವಳಂತೆ ತೂರಾಡಿ ಬಿದ್ದೆ.

"ಎಲ್ಲಾ ಆ ಹಾಳು ಮಾತ್ರೆ ಕಾಟ ಕಣವ್ವ. ಬಿಸಾಕ್ಬುಡನ," ಅಂದರು ಯಜಮಾನರು.

"ಬಿಸಾಕಕ್ಕೆ ನೀನೇನು ಡಾಕ್ಟ್ರಲಾ? ಗಾಡಿ ತಗಿ, ಓಗನ," ಅಂದರು ಅತ್ತೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಲಿಥಿಯಂ ಲೆವೆಲ್ ಅಪಾಯ ಮುಟ್ಟಿತ್ತು. ಮಾತ್ರೆ ಹೆಚ್ಚು ನುಂಗಿದ್ದೀರಾ ಎಂದು ಡಾಕ್ಟರು ಕೇಳಿದರು. ಇಲ್ಲ. ಊಟದಲ್ಲಿ ಏನಾದರೂ ಬದಲಾಯಿತಾ? ಯಜಮಾನರು ಇಲ್ಲ ಅಂದರು. ಅವರಿಗೆ ಬೇರೆ ಪಾತ್ರೆಯಲ್ಲಿ ಉಪ್ಪು ಹಾಕಿದ ಸಾರು. ಹರಕೆಯ ಸುದ್ದಿಯೇ ಗೊತ್ತಿರಲಿಲ್ಲ. ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಅತ್ತೆ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಉಪ್ಪು ಬುಡ್ಸಿದ್ದು ನಾನು ಸ್ವಾಮಿ. ತಪ್ಪು ನಂದೇಯ."

ಡಾಕ್ಟರು ಬೈಯಲಿಲ್ಲ. ಮೈಯಲ್ಲಿ ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಹೊರಹಾಕದೆ ಉಳಿಸಿಕೊಳ್ಳುತ್ತದೆ, ಅದು ರಕ್ತದಲ್ಲಿ ಏರುತ್ತಲೇ ಹೋಗುತ್ತದೆ ಎಂದು ವಿವರಿಸಿದರು. "ನೀವು ಹೇಳಿದ್ದು ಒಳ್ಳೇದಾಯ್ತಮ್ಮ," ಅಂದರು. ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು. ಓದು ಬಾರದ ಅತ್ತೆ ನನ್ನ ಹಾಸಿಗೆ ಪಕ್ಕ ಕೂತು ನರ್ಸ್ ಹತ್ತಿರ ಪಾಠ ಕಲಿತರು. ಉಪ್ಪು ಎಂದಿನಷ್ಟೇ, ಹೆಚ್ಚೂ ಬೇಡ ಕಡಿಮೆಯೂ ಬೇಡ. ನೀರು ಚೆನ್ನಾಗಿ ಕುಡಿಯಬೇಕು. ವಾಂತಿ ಭೇದಿಯಾದರೆ ಕಾಯದೆ ಆಸ್ಪತ್ರೆಗೆ ಫೋನು. ಡಾಕ್ಟರನ್ನು ಕೇಳದೆ ಮೈಕೈ ನೋವಿಗೆ ಅಂಗಡಿ ಮಾತ್ರೆ ತರುವಂತಿಲ್ಲ. ಕಲಿತದ್ದನ್ನು ಮಗ್ಗಿ ಒಪ್ಪಿಸುವಂತೆ ನರ್ಸಿಗೇ ಒಪ್ಪಿಸುತ್ತಿದ್ದರು. ನಾಲ್ಕು ಜನರ ಮುಂದೆ, ಸೊಸೆಯ ಎದುರೇ, ತಪ್ಪು ನಂದು ಅಂದ ಇನ್ನೊಬ್ಬ ಅತ್ತೆಯನ್ನು ನಾನು ಕಂಡಿಲ್ಲ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮನೆಗೆ ಬಂದವರೇ ಮಾದಪ್ಪನ ಪಟದ ಮುಂದೆ ಜಗಳಕ್ಕೆ ನಿಂತವರ ಹಾಗೆ ಹೇಳಿದರು: "ನನ್ ಸೊಸೆಗೆ ಉಪ್ಪು ಬೇಕೇ ಬೇಕಂತೆ ಕಣಪ್ಪ. ಅವಳ ಪಾಲಿನ ಸಪ್ಪೆನೂವೆ ನಾನೇ ಉಣ್ತೀನಿ, ಅವಳ್ನ ಬುಟ್ಬುಡು."

ಎರಡು ವಾರ ಕಳೆದು, ಕಡಿಮೆ ಡೋಸಿನಲ್ಲಿ ಲಿಥಿಯಂ ಮತ್ತೆ ಶುರು ಮಾಡಲು ಡಾಕ್ಟರು ಹೇಳಿದರು. ಬಿಟ್ಟರೆ ಕಾಯಿಲೆ ಮರಳಬಹುದು. ನುಂಗಿದರೆ? ಅಂಗೈಯಲ್ಲಿ ಮಾತ್ರೆ ಹಿಡಿದು ಕೂತೆ. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಅತ್ತೆ ನೀರಿನ ಲೋಟ ಹಿಡಿದು ಎದುರು ಕೂತರು.

"ಭಯ ಆಯ್ತದೆ ಅತ್ತೆ."

"ನಂಗೂವೆ ಕಣಮ್ಮಿ. ಏನಾರ ಆದ್ರೆ ಡಾಕ್ಟ್ರತ್ರ ಎಲ್ಲಾನೂ ಯೋಳ್ತೀನಿ. ಯಾವ್ದೂ ಮುಚ್ಚಿಡಕಿಲ್ಲ."

ನುಂಗಿದೆ. ಆಮೇಲಿನ ಬ್ಲಡ್ ಟೆಸ್ಟುಗಳು ಇದುವರೆಗೆ ಸರಿಯಾಗಿಯೇ ಬಂದಿವೆ, ಮುಂದಿನದು ಗೊತ್ತಿಲ್ಲ. ಮೊದಲೆಲ್ಲ ನಾನು ಮಾತ್ರೆ ನುಂಗಿದ ಮೇಲೆ ನಿಜವಾಗಿ ನುಂಗಿದೆನೋ ಇಲ್ಲವೋ ಎಂದು ಅತ್ತೆ ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಅಂದು ನೋಡಲಿಲ್ಲ. ಇವತ್ತಿನವರೆಗೂ ನೋಡಿಲ್ಲ.