ಮೀನೆಣ್ಣೆ ಕಲಸಿದ ಕೈ

ಹೋದ ವಾರ ತಿ. ನರಸೀಪುರದ ಪಶು ಆಸ್ಪತ್ರೆಯಲ್ಲಿ ಮೀನೆಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದೆ. ಆ ನಾತ ಮೂಗಿಗೆ ಬಡಿದದ್ದೇ ತಡ, ಎದುರಿಗೆ ಆಡು ಹಿಡಿದು ನಿಂತಿದ್ದ ಹುಡುಗಿ ನಕ್ಕಳು.

"ನಮ್ಮಜ್ಜಿ ಕೈ ಇಂಗೇ ನಾರ್ತಿತ್ತು ಸಾ."

ಯಾವೂರಮ್ಮ ಎಂದೆ. ಕಳಲೆ ಪಕ್ಕದ ಒಂದು ಊರಿನ ಹೆಸರು ಹೇಳಿದಳು, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದೇನೆ ಎಂದಳು. ನನ್ನ ಕೈಯಲ್ಲಿದ್ದ ಮುಚ್ಚಳ ಹಾಗೇ ಉಳಿಯಿತು...

ಹದಿನೇಳು ವರ್ಷದ ಹಿಂದಿನ ಮಾತು. ನಂಜನಗೂಡು ತಾಲ್ಲೂಕಿನ ಆ ಊರಿಗೆ ನಾನು ಹೊಸದಾಗಿ ಬಂದ ಪಶು ಆಸ್ಪತ್ರೆಯ ಕಾಂಪೌಂಡರ್. ಓದಿದ್ದು ಚೂರು, ಜಂಬ ಬೆಟ್ಟದಷ್ಟು. ಎರಡು ಹಾಲಿನ ಆಡು ಸಾಕಿದ್ದ ಒಬ್ಬ ಅಜ್ಜಿಯನ್ನು ಊರವರು ಆಡಿನಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅವರ ಸೊಸೆಗೆ ಎದೆಹಾಲು ಬತ್ತಿತ್ತು. ಆರು ತಿಂಗಳ ಮೊಮ್ಮಗಳಿಗೆ ಹಸುವಿನ ಹಾಲು ಕುಡಿಸಿದರೆ ವಾಂತಿ. ಆಡಿನ ಹಾಲೊಂದೇ ಆ ಕೂಸಿನ ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು.

ಆ ಬೇಸಿಗೆಯಲ್ಲಿ ಹಸಿರು ಸಿಗದೆ ಬರೀ ಒಣಹುಲ್ಲು ತಿಂದ ಆಡುಗಳು ಮುಸ್ಸಂಜೆಯಾದರೆ ಕಣ್ಣು ಕಾಣದೆ ಬಾಗಿಲಿಗೆ ಹಣೆ ಬಡಿದುಕೊಳ್ಳತೊಡಗಿದವು. ಹಾಲೂ ಇಳಿಯಿತು. ವಿಟಮಿನ್ ಸಾಲದು, ದಿನಕ್ಕೊಂದು ಚಮಚ ಹಾಕಿ ಎಂದು ಮೀನೆಣ್ಣೆ ಕೊಟ್ಟೆ.

ಆಡಿನಮ್ಮ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡರು. "ಮೀನಾ? ಶಿವಶಿವಾ! ಎಳ್ಳೆಣ್ಣೆ ಆಗಲ್ವೇನಪ್ಪಾ? ಉಚ್ಚೆಳ್ಳೆಣ್ಣೆ?"

ನನಗೆ ರೇಗಿತು. "ಮಡಿ ಬೇಕೋ ಮೊಮ್ಮಗಳು ಬೇಕೋ, ನೀವೇ ತೀರ್ಮಾನ ಮಾಡಿ" ಅಂದುಬಿಟ್ಟೆ. ಎಂಥ ಮಾತು! ಇವತ್ತಿಗೂ ನಾಚಿಕೆಯಾಗುತ್ತದೆ.

ಅವರು ನನ್ನ ಮುಖವನ್ನೇ ನೋಡಿದರು. "ತತ್ತಾ ಇಲ್ಲಿ. ಆಡೇನು ಲಿಂಗ ಕಟ್ಟುಸ್ಕಂಡದಾ? ನಂಗೂ ಶಿವಂಗೂ ಇರೋ ಯವಾರ ನಾ ನೋಡ್ಕತೀನಿ."

ಬಾಟಲಿ ಹೊಸ್ತಿಲು ದಾಟಲಿಲ್ಲ. ಕೊಟ್ಟಿಗೆಯ ಸೂರಿಗೇ ಸಿಕ್ಕಿಸಿದರು. ಬೆಳಿಗ್ಗೆ ಎಣ್ಣೆ ಹಾಕಿ, ತಣ್ಣೀರು ಮಿಂದು, ಆಮೇಲೆ ಲಿಂಗಪೂಜೆ. ಒಂದು ದಿನವೂ ತಪ್ಪಿಸಲಿಲ್ಲ.

ಹಾಕುವುದು ಹೇಗೆಂದು ತೋರಿಸಿಕೊಟ್ಟವನು ನಾನೇ. ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತರಿಸಿ, ಹೆಚ್ಚು ಹಾಲು ಕೊಡುತ್ತಿದ್ದ ಕರಿ ಆಡಿನ ಮೂತಿಯನ್ನು ಆಕಾಶಕ್ಕೆತ್ತಿ ಸುರಿದಿದ್ದೆ. ಹಾಗೆ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆಂದು ನಾನು ಓದಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ. ಅವರು ನಾನು ತೋರಿಸಿದಂತೆಯೇ ಮಾಡಿದರು, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದೆ. ವಾರದೊಳಗೆ ಕರಿ ಆಡು ಕೆಮ್ಮತೊಡಗಿತು. ಹತ್ತನೇ ದಿನ ಸತ್ತಿತು. ಚಿಕ್ಕ ಆಡು ಗೊಟ್ಟ ಕಂಡರೆ ಹಗ್ಗ ಕಿತ್ತುಕೊಂಡು ಓಡುತ್ತಿತ್ತು, ಅದಕ್ಕೇ ಉಳಿಯಿತು.

ಹೋಗಿ ಅವರ ಮುಂದೆ ನಿಂತೆ. "ತಪ್ಪು ನಂದು, ಹಾಗೆ ಹಾಕೋದನ್ನ ತೋರಿಸಬಾರದಿತ್ತು" ಎಂದೆ. ಬೈಯಲಿ, ಎರಡೇಟು ಹೊಡೆಯಲಿ ಎಂದೇ ಕಾದೆ. ಒಳಗೆ ಕೂಸು ಅಳುತ್ತಿತ್ತು.

"ನಾವಿಬ್ರೂ ಅತ್ಕೊಂಡ್ ಕೂತ್ರೆ ಆಲು ಬಂದದಾ? ಚಿಕ್ಕದುಕ್ಕೆ ಎಂಗಾಕದು, ಅದೇಳು."

"ಬೂಸಾದಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನಿಸಬೇಕು. ಕೈಯಲ್ಲೇ."

ಅವರು ಬಲಗೈ ನೋಡಿಕೊಂಡರು. ಲಿಂಗಕ್ಕೆ ಪತ್ರೆ ಏರಿಸುವ ಕೈ. ಸೆರಗು ಸಿಕ್ಕಿಸಿ ಅಲ್ಲೇ ಕುಳಿತರು. ಬೂಸಾ, ಹಿಂಡಿ, ಚೂರು ಬೆಲ್ಲ, ಒಂದು ಚಮಚ ಮೀನೆಣ್ಣೆ... ಓಕರಿಕೆ ಬಂದು ಎರಡು ಸಲ ಮುಖ ತಿರುಗಿಸಿದರು, ಕಲಸುವುದನ್ನು ನಿಲ್ಲಿಸಲಿಲ್ಲ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ನಾತ ಹೋಗಲಿಲ್ಲ. ಆ ಕೈಯಲ್ಲೇ ಪೂಜೆ ಮಾಡಿದರು.

ಗಂಜಿತಿಳಿ ಕುಡಿಸಿಕೊಂಡು ಕೂಸಿನ ದಿನ ಹೇಗೋ ತಳ್ಳಿದರು. ತಿಂಗಳಾಗುವ ಹೊತ್ತಿಗೆ ಚಿಕ್ಕ ಆಡು ಮುಸ್ಸಂಜೆಯಲ್ಲಿ ಬಾಗಿಲಿಗೆ ತಾಗದೆ ಒಳಗೆ ಬಂತು, ಹಾಲೂ ಏರಿತು. ಮರುವರ್ಷ ನನಗೆ ವರ್ಗವಾಯಿತು. ಮತ್ತೆ ಆ ಕಡೆ ಹೋಗಲಿಲ್ಲ... ಹೋಗಲು ಮುಖವಿರಲಿಲ್ಲ ಅನ್ನುವುದೇ ನಿಜ.

"ಅಜ್ಜಿ ಹೇಗಿದ್ದಾರಮ್ಮ?" ಎಂದು ಹುಡುಗಿಯನ್ನು ಕೇಳಿದೆ. ಆಡಿನಮ್ಮನ ಮೊಮ್ಮಗಳಾ ಎಂದದ್ದಕ್ಕೆ ಹೂಂ ಎಂದಿದ್ದಳು, ಆ ಕೂಸೇ ಇವಳೆಂದು ಅಷ್ಟರಲ್ಲಿ ಗೊತ್ತಾಗಿತ್ತು.

"ಓದ್ ಕಾರ್ತೀಕ್ದಲ್ಲಿ ಓಗ್ಬುಟ್ರು ಸಾ. ಆಡಿಗೆ ಗೊಟ್ಟ ಇಡಿಯಕ್ಕೆ ಯಾರ್ಗೂ ಬುಡ್ತಿರ್ನಿಲ್ಲ. ನಾನ್ ಕೂಸಾಗಿದ್ದಾಗ ಒಂದು ಕರಿ ಆಡಿತ್ತಂತೆ. ಆವು ಕಚ್ಚಿ ಸತ್ತೋಯ್ತಂತೆ."

ಹಾವು! ಮನೆಯವರಿಗೂ ಊರಿಗೂ ಹಾಗೆಂದೇ ಹೇಳಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವನ ಅನ್ನಕ್ಕೆ ಕಲ್ಲು ಬೀಳದಿರಲಿ ಎಂದು, ಸುಳ್ಳಾಡದ ಆ ಹೆಂಗಸು ಸಾಯುವವರೆಗೂ ಆ ಒಂದು ಸುಳ್ಳನ್ನು ಕಾಪಾಡಿಕೊಂಡಿದ್ದರು. ನನಗೇ ತಿಳಿದಿರಲಿಲ್ಲ. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಅವಳ ಆಡಿಗೆಂದು ಬೂಸಾ ತರಿಸಿ, ಎಣ್ಣೆ ಸುರಿದು, ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಲಸಿದೆ. "ಹಾವಲ್ಲ ಮಗಳೇ. ನಾನು" ಎಂದೆ. ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಆಡಿನಮ್ಮ ಇದ್ದಾಗಲೇ, ಅವರ ಊರಿನ ನಡುವೆ ನಿಂತು ಹೇಳಬೇಕಿತ್ತು.