ಶಬ್ದಗಳಿಗೂ ಒಂದು ಮನೆತನ

ಅವತ್ತಿನ ಗಾಬರಿ ನನಗೆ ಈಗಲೂ ಮರೆತಿಲ್ಲ. ರೋಣದಲ್ಲಿ ಬಿ.ಎ. ಮುಗಿಸಿದ್ದೆ. ಧಾರವಾಡಕ್ಕೆ ಹೋಗಿ ಇಂಗ್ಲಿಷ್ ಎಂ.ಎ. ಮಾಡಲೇಬೇಕೆಂದು ಹಟ ಹಿಡಿದು ಕೂತಿದ್ದೆ. ಅಪ್ಪ ಕಡಲೆ ವ್ಯಾಪಾರಿ. ಹೆಣ್ಣುಮಗಳನ್ನು ಹಾಸ್ಟೆಲಿನಲ್ಲಿ ಬಿಡುವ ಮಾತೆತ್ತಿದರೆ ಅವನಿಗೆ ಮೈಯೆಲ್ಲ ಉರಿ. ಕಡೆಗೆ ಅದೇನಾಯಿತೋ, "ನಿಮ್ಮ ಮಾಮಾನ ಕಡೆ ಕಲಿ. ಪ್ರವೇಶ ಪರೀಕ್ಷಾ ಬರೀ. ಆಮ್ಯಾಲೆ ನೋಡೂಣು" ಎಂದ. ಕುಣಿದಾಡಿಬಿಟ್ಟೆ.

ಮಾಮಾ ಅಂದರೆ ಅವ್ವನ ಕಿರಿಯ ತಮ್ಮ, ನನಗಿಂತ ನಾಕಾರು ವರ್ಷಕ್ಕೆ ದೊಡ್ಡವನು. ಗಜೇಂದ್ರಗಡದಲ್ಲಿ ಇಂಗ್ಲಿಷ್ ಮಾಸ್ತರ. ರವಿವಾರ ಬಂತೆಂದರೆ ಬಸ್ಸು ಹತ್ತಿ ರೋಣಕ್ಕೆ ಬರುತ್ತಿದ್ದ. ನಾನು ಡಿಕ್ಷನರಿಯನ್ನು ಮೊದಲ ಪುಟದಿಂದ ಉರು ಹೊಡೆಯಲು ಹೊರಟವಳು. ಅವನು ಅದನ್ನು ಕಸಿದು ಗೋಡೆಯ ಮಾಡದಲ್ಲಿಟ್ಟ.

"ಒಂಟಿ ಶಬ್ದ ನಾಳಿಗೆ ಓಡಿ ಹೋಗ್ತಾವ. ಶಬ್ದಕ್ಕೂ ಮನೆತನ ಇರ್ತೈತಿ. ಮನೆತನ ಹಿಡದು ಕಲಿ, ಒಬ್ಬಾವ ನೆನಪಾದ್ರ ಅಣ್ಣ-ತಮ್ಮ ಎಲ್ಲಾ ಹಿಂದ ಬರ್ತಾರ."

ಮೊದಲು ಸಿಟ್ಟಿನ ಮನೆತನ. ಉದಾಹರಣೆಗೆ ನಮ್ಮ ಅಪ್ಪನೇ! ಚಹಾ ತಣ್ಣಗಿದ್ದರೆ ಅವನು 'ಅನಾಯ್ಡ್'. ಕಡಲೆಯ ದರ ಇಳಿದರೆ 'ಇರೇಟ್'. ದಲ್ಲಾಳಿ ಮೋಸ ಮಾಡಿದ ದಿನ 'ಲಿವಿಡ್', ಅಂದು ಯಾರೂ ಅವನ ಎದುರಿಗೆ ಸುಳಿಯಬಾರದು. ನಡಿಗೆಯ ಮನೆತನಕ್ಕೆ ಕಿಟಕಿಯಿಂದ ಕಾಣುವ ಬಜಾರೇ ಸಾಕಾಗಿತ್ತು. ಹತ್ತಿ ಮಾರಿ ಕಿಸೆ ತುಂಬಿಸಿಕೊಂಡವನು ಆರಾಮಾಗಿ 'ಸಾಂಟರ್' ಮಾಡುತ್ತ ಬರುತ್ತಿದ್ದ. ಚೀಲ ಹೊತ್ತ ಹಮಾಲನದು ಕಾಲೆಳೆಯುವ 'ಟ್ರಡ್ಜ್'. ನನಗೆ ಹುಚ್ಚೇ ಹಿಡಿಯಿತು. ರೊಟ್ಟಿ ಬಡಿಯುತ್ತಲೂ ಮನೆತನ ಎಣಿಸುತ್ತಿದ್ದೆ. ಮಾಮಾನ ರೊಟ್ಟಿಯ ಮೇಲೆ ಅವ್ವನ ಬೆಣ್ಣೆ ತುಸು ಹೆಚ್ಚೇ ಬೀಳುತ್ತಿತ್ತು. ತಮ್ಮನಲ್ಲವೇ, ಬೀಳಲಿ ಎಂದುಕೊಂಡೆ. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ, "ಕಲಿಯವ್ವಾ ಕಲಿ, ಚಲೋ ಮಾಸ್ತರ ಸಿಕ್ಕಾನ" ಎಂದು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಆಗಲೂ ನನಗೆ ಏನೂ ಹೊಳೆಯಲಿಲ್ಲ. ಎಂಥ ದಡ್ಡಿ ನಾನು!

ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಮೊಬೈಲಿನಲ್ಲಿ ದಿನಾ ಶಬ್ದ ಕಳಿಸುವ ಈ ಮಾಮಾನಿಗೂ ನನಗೂ ಅದು ತಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಪರೀಕ್ಷೆಗೆ ಮುಂಚೆ ಚಿಕ್ಕನರಗುಂದದಿಂದ ಆಯಿ, ಅವ್ವನ ತಾಯಿ, ಹೇಳಿ ಕಳಿಸಿದಳು: "ಹುಡುಗಿಗೆ ಉಡಿ ತುಂಬತೀನಿ, ಎಲ್ಲಾರೂ ಬರ್ರಿ." ಒಳ್ಳೆಯ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಹರಸುವುದು ಇದ್ದದ್ದೇ. ಪರೀಕ್ಷೆಗೇ ಇರಬೇಕೆಂದು ಹಿಗ್ಗುತ್ತ ಹೋದೆ. ಅಂಗಳದ ತುಂಬ ಬಳಗ. ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಹಸಿರು ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಬಿದ್ದು ಉಡಿ ಭಾರವಾಯಿತು. ಆಯಿ ಬಾಯಿಗೆ ಸಕ್ಕರೆ ಹಾಕಿದಳು. ಆಮೇಲೆ ನನ್ನ ಪಕ್ಕದಲ್ಲಿ ಇನ್ನೊಂದು ಮಣೆ ಇಟ್ಟು, "ಬಾರೋ, ಕುಂಡ್ರು" ಎಂದಳು. ಹೊಸ ಬಿಳಿ ಅಂಗಿ ತೊಟ್ಟ ಮಾಮಾ ಬಂದು ಕೂತ.

ನಾನು ಮಣೆಯ ಅಂಚಿಗೆ ಸರಿದೆ. ಬೆಚ್ಚಿಬೀಳುವ ಮನೆತನವನ್ನು ಹಿಂದಿನ ವಾರವಷ್ಟೇ ಮುಗಿಸಿದ್ದೆ: ಸ್ಟಾರ್ಟಲ್ಡ್, ಅಸ್ಟೌಂಡೆಡ್, ಅಗ್ಯಾಸ್ಟ್. ಸುಡುಗಾಡು, ಒಂದೂ ಬರಲಿಲ್ಲ! "ಎವ್ವಾ, ಏನಿದು?" ಎಂದೆ, ಅಷ್ಟೆ.

"ಏನಂದ್ರ? ಮಳ್ಳಿಗತೆ ಕೇಳ್ತಾಳ ನೋಡು!" ಆಯಿ ನಕ್ಕಳು. "ತಿಂಗಳಗಟ್ಟಲೆ ಅವನ ಎದರಿಗೆ ಕುಂತು ಕಲ್ತೀ. ಒಲ್ಲದಾಕಿ ಕುಂಡ್ರತಿದ್ದೇನು?"

"ಮದಿವಿ ಆಗಿ ಗಜೇಂದ್ರಗಡದಾಗ ಎಷ್ಟ ಬೇಕಾದಷ್ಟ ಓದು," ಅಪ್ಪ ಹೇಳಿದ. "ಧಾರವಾಡ ಯಾಕ ಬೇಕು?"

ಅಂದರೆ ಎಲ್ಲರಿಗೂ ಗೊತ್ತಿತ್ತು. ನಾನು ಪುಸ್ತಕ ಬಿಚ್ಚಿ ಕೂತದ್ದನ್ನೇ ಊರೆಲ್ಲ ಒಪ್ಪಿಗೆ ಎಂದು ತಿಳಿದಿತ್ತು! ಮಾಮಾನ ಕಡೆ ತಿರುಗಿದೆ. "ನಿನಗ ಗೊತ್ತಿತ್ತ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ನಿನಗೂ ಗೊತ್ತೈತಿ ಅಂತ ತಿಳದಿದ್ದೆ" ಎಂದ, ನನಗಷ್ಟೇ ಕೇಳುವ ಹಾಗೆ. ಅವನ ಮುಖವೂ ಬಿಳಿಚಿಹೋಗಿತ್ತು. ಅಯ್ಯೋ ದೇವರೇ, ಅಷ್ಟೊಂದು ರವಿವಾರ ಅವನು ಬಂದದ್ದು ಬರೀ ಶಬ್ದ ಕಲಿಸಲಿಕ್ಕಲ್ಲ! ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಅವನು ಮಣೆ ಬಿಟ್ಟು ಎದ್ದ. "ಅಕ್ಕಾ, ಈ ಮದಿವಿ ನಾ ಒಲ್ಲೆ" ಎಂದ.

ಅಂಗಳಕ್ಕೆ ಸಿಡಿಲು ಬಡಿದಂತಾಯಿತು. ಅವ್ವ ಓಡಿ ಬಂದು ಅವನ ಕೊರಳಪಟ್ಟಿ ಹಿಡಿದಳು. "ಇಷ್ಟ ದಿನಾ ಮನಿಗೆ ಬಂದು ನನ್ನ ಮಗಳ ಹೆಸರ ಕೆಡಿಸಿ ಈಗ ಒಲ್ಲೆ ಅಂತೀ? ನಿನ್ನ ಬಾಯಾಗ ಮಣ್ಣ ಹಾಕ! ಇನ್ನ ನನ್ನ ಹೊಸ್ತಿಲಾ ತುಳದೀ ನೋಡು!" ಆಯಿ ಹಣೆ ಬಡಿದುಕೊಂಡಳು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ತಪ್ಪುತ್ತಿತ್ತು, ಬೈಗುಳವೆಲ್ಲ ಅವನ ಪಾಲಾಗುತ್ತಿತ್ತು. ನನ್ನಿಂದಾಗಲಿಲ್ಲ. ಎದ್ದುಬಿಟ್ಟೆ. ಉಡಿಯ ಅಕ್ಕಿ ಸುರ್ರನೆ ನೆಲಕ್ಕೆ ಚೆಲ್ಲಿತು. ಹೆಂಗಸರು "ಅಯ್ಯಯ್ಯ, ಅಪಶಕುನ!" ಎಂದು ಕೂಗಿದರು.

"ಅವಾ ಸುಳ್ಳ ಹೇಳಾಕತ್ತಾನ. ಒಲ್ಲೆ ಅನ್ನಾಕಿ ನಾನು. ನಾ ಧಾರವಾಡಕ್ಕ ಹೋಗಾಕಿ. ಬೈಯೂದಿದ್ರ ನನ್ನ ಬೈರಿ."

ಅಪ್ಪ ಎದ್ದು ಬಂದ. ಹೊಡೆದೇ ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಅವನು ಮಾಮಾನ ಮುಂದೆ ಹೋಗಿ ನಿಂತು, "ಇದನ್ನೇನು ನೀ ಕಲಿಸಿದ್ದು ಇಕೀಗೆ?" ಎಂದ.

"ಇಲ್ರಿ. ಇದನ್ನ ನಾ ಕಲಿಸಿಲ್ಲ."

"ಹಂಗಾರ ಈ ಹಟ ನಿಂದ," ಎಂದು ಅಪ್ಪ ನನ್ನ ಕಡೆ ತಿರುಗಿದ. "ಪರೀಕ್ಷಾ ಎಂದೈತಿ?" ಎಂದು ಕೇಳಿದ. ನಾನು ಕಿವಿಯನ್ನೇ ನಂಬಲಿಲ್ಲ. ಹಗಲೂ ರಾತ್ರಿ ಜಪಿಸಿದ ದಿನವೇ ನೆನಪಿಗೆ ಬರಲೊಲ್ಲದು.

ಮಾಮಾ ಬಾಗಿಲಲ್ಲಿ ನಮಗೆ ಬೆನ್ನು ತಿರುಗಿಸಿ ಚಪ್ಪಲಿ ಮೆಟ್ಟುತ್ತಿದ್ದ.

"ಬರೂ ರವಿವಾರ," ಎಂದ. "ಮುಂಜಾನೆ ಹತ್ತಕ್ಕ. ಲಗೂ ಬಸ್ ಹಿಡೀರಿ."